ಒಂದು ಹಂದಿ, 42 ಎಲೆ: ಕೊಡಗಿನ ಒಂದು ಚಳಿಗಾಲದ ಊಟ

ಇದು ದಕ್ಷಿಣ ಕೊಡಗಿನ ಒಂದು ಮನೆಯಲ್ಲಿ ಎರಡು ಚಳಿಗಾಲ ನಡೆದ ಊಟದ ಕಥೆ. ಹಂದಿ ಸಾಕುವ ಮನೆ ಅದು. ಊರು, ಮನೆತನ, ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಮಾಲೀಕರನ್ನು ಮಾಲೀಕರು ಎಂದೇ ಕರೆಯುತ್ತೇನೆ, ಅವರ ಹೆಂಡತಿಯನ್ನು ಅಕ್ಕ ಎಂದು. ನಾನು ಸುಮ್ನೆ ನೋಡಲು ಹೋದವನಲ್ಲ. ಸಣ್ಣ ಬೆಳೆಗಾರರಿಗೆ ಲೆಕ್ಕಪತ್ರ, ಮಾರಾಟದಲ್ಲಿ ಸಹಾಯ ಮಾಡುವುದು ನನ್ನ ಕೆಲಸ. ಆಮಂತ್ರಣ ಬರೆದದ್ದು ನಾನು. ಎಷ್ಟು ಜನರನ್ನು ಕರೆಯಬೇಕು ಎಂದು ಲೆಕ್ಕ ಹಾಕಿದ್ದೂ ನಾನೇ. ಹಾಗಾಗಿ ಕೆಳಗೆ ಬರುವ ತಪ್ಪುಗಳಲ್ಲಿ ನನ್ನ ಪಾಲು ಸಣ್ಣದಲ್ಲ.

ಮುಸುರೆ ನಿಂತ ಮೇಲೆ

ಒಂಬತ್ತು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಮನೆ ಹಿಂದೆ ಇಳಿಜಾರಿನಲ್ಲಿ ಹಂದಿ ಗೂಡು. ಯಾವಾಗ ಹೋದರೂ ದೊಡ್ಡದು ಚಿಕ್ಕದು ಸೇರಿ ಅರವತ್ತು ಹಂದಿ ಇರುತ್ತಿದ್ದವು. ಹೆಚ್ಚಿನವು ಯಾರ್ಕ್‌ಷೈರ್ ಮತ್ತು ಡ್ಯೂರಾಕ್ ತಳಿಗಳ ಬೆರಕೆ. ಪೇಟೆಯ ಮಾಂಸದ ಅಂಗಡಿಯವರು ಬಂದು ತೂಕ ಮಾಡಿ ಒಯ್ಯುತ್ತಿದ್ದರು. ಬೆಲೆ ಅವರು ಹೇಳಿದ್ದೇ.

ಈ ಭಾಗದ ಬಹಳ ಮನೆಗಳಂತೆ ಇವರೂ ಮೊದಲು ಹೋಟೆಲುಗಳ ಮುಸುರೆ ತಂದು ಹಾಕುತ್ತಿದ್ದರು. ದಿನಾ ಸಂಜೆ ಜೀಪಿನಲ್ಲಿ ನಾಲ್ಕು ಡ್ರಮ್ಮು. 2022ರ ಜುಲೈನಲ್ಲಿ ಪಕ್ಕದ ವಯನಾಡಿನಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿತು. ನಮ್ಮ ದೇಶಕ್ಕೆ ಅದು ಬಂದದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲದ ಕಡೆ. ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಹಂದಿಗೆ ಬಂದರೆ ಔಷಧಿಯಿಲ್ಲ. ಒಂದು ಗೂಡಿನಲ್ಲಿ ಖಚಿತವಾದರೆ ಸುತ್ತ 1 ಕಿಲೋಮೀಟರಿನೊಳಗಿನ ಎಲ್ಲ ಹಂದಿಗಳನ್ನೂ ಕೊಂದು ಹೂಳಬೇಕು, ರೋಗ ಇರಲಿ ಇಲ್ಲದಿರಲಿ. ರೋಗ ಹರಡುವ ದೊಡ್ಡ ದಾರಿಗಳಲ್ಲಿ ಒಂದು ಈ ಮುಸುರೆ. ಎಲ್ಲಿಂದಲೋ ಬಂದ ಹಂದಿ ಮಾಂಸದ ಚೂರು ಅದರಲ್ಲಿದ್ದರೆ ಸಾಕು.

ಮಾಲೀಕರು ಆ ವಾರವೇ ಡ್ರಮ್ಮು ನಿಲ್ಲಿಸಿದರು. ಚೀಲದ ಮೇವು ಶುರುವಾಯಿತು. ಹಂದಿ ಒಂದು ಕಿಲೋ ಬೆಳೆಯಲು ಮೂರು ಕಿಲೋಗೂ ಹೆಚ್ಚು ಮೇವು ತಿನ್ನುತ್ತದೆ. ಅಂಗಡಿಯವರ ಬೆಲೆ ಮಾತ್ರ ಮೊದಲಿನಷ್ಟೇ. ಎರಡು ವರ್ಷ ಹೀಗೇ ಎಳೆದರು. ಆಮೇಲೆ ಒಂದು ಸಂಜೆ ನನಗೆ ಫೋನ್ ಮಾಡಿ, 'ಹಂದಿ ಮಾರೋದು ಬಿಟ್ಟು ಊಟ ಮಾರಿದ್ರೆ ಹೇಗೆ?' ಎಂದು ಕೇಳಿದರು.

ಗೋಡೆಯಲ್ಲಿ ನೇತಾಡುತ್ತಿದ್ದ ತೊಡೆ

ಅವರು ಫೋನಿನಲ್ಲಿ ಸ್ಪೇನಿನ ಮತಾನ್ಸಾ ಎಂಬ ಹಂದಿ ಕೊಯ್ಯುವ ಆಚರಣೆಯ ವಿಡಿಯೋ ನೋಡಿದ್ದರು. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಹೊತ್ತಿಗೆ ಅಲ್ಲಿ ಚಳಿ ಬೀಳುತ್ತದೆ. ಊರವರು ಸೇರಿ ಹಂದಿ ಕೊಯ್ಯುತ್ತಾರೆ, ಉದ್ದ ಮೇಜು ಹಾಕಿ ಒಟ್ಟಿಗೆ ಉಣ್ಣುತ್ತಾರೆ. ಒಂದು ಚೂರೂ ಹಾಳಾಗುವುದಿಲ್ಲ. ನಮ್ಮಲ್ಲೂ ಚಳಿ ಇದೆ, ಹಂದಿ ಇದೆ, ತಿನ್ನುವವರಿದ್ದಾರೆ. ಬೆಂಗಳೂರು, ಮೈಸೂರಿನಿಂದ ವಾರಾಂತ್ಯಕ್ಕೆ ಬರುವವರಿಗೆ ಮೂತಿಯಿಂದ ಬಾಲದವರೆಗೆ ಎಲ್ಲವನ್ನೂ ಬಡಿಸಿದರೆ ಹೇಗೆ? ನನಗೂ ಚೆನ್ನಾಗಿ ಕಂಡಿತು.

ಈಗ ಆ ವಿಡಿಯೋವನ್ನು ಮತ್ತೆ ನೋಡಿದರೆ ನಾವು ಗಮನಿಸದೆ ಬಿಟ್ಟದ್ದು ಕಣ್ಣಿಗೆ ಹೊಡೆಯುತ್ತದೆ. ಮೇಜಿನ ಹಿಂದಿನ ಗೋಡೆಯಲ್ಲಿ ಉಪ್ಪು ಹಾಕಿದ ತೊಡೆಗಳು ನೇತಾಡುತ್ತಿದ್ದವು. ಪಕ್ಕದಲ್ಲಿ ಹೆಂಗಸರು ಕರುಳಿಗೆ ಮಾಂಸ ತುಂಬುತ್ತಿದ್ದರು. ಅಂದರೆ ಅವರು ಆ ದಿನ ಉಣ್ಣುತ್ತಿದ್ದದ್ದು ಹಂದಿಯ ಒಂದು ಸಣ್ಣ ಭಾಗ. ಉಳಿದದ್ದು ಮುಂದಿನ ವರ್ಷದ ಅಡುಗೆಗೆ.

ಸ್ಪೇನಿನವರೆಗೆ ಹೋಗುವುದೂ ಬೇಕಿರಲಿಲ್ಲ. ಕಾಡುಹಂದಿ ಬೇಟೆ ನಡೆಯುತ್ತಿದ್ದ ಕಾಲದಲ್ಲಿ, ಅಂದರೆ 1972ರ ವನ್ಯಜೀವಿ ಕಾಯ್ದೆಗೆ ಮೊದಲು, ಕೊಡಗಿನಲ್ಲಿ ಹಂದಿ ಬಿದ್ದರೆ ಪಾಲು ಹಾಕುತ್ತಿದ್ದರು. ಗುಂಡು ಹೊಡೆದವನಿಗೆ ಜಾಸ್ತಿ ಪಾಲು, ಜೊತೆಗೆ ಹೋದವರಿಗೆಲ್ಲ ಒಂದೊಂದು. ಮನೆಗೆ ಬಂದ ಪಾಲಿನಲ್ಲಿ ಸ್ವಲ್ಪ ಅಂದೇ ಬೇಯುತ್ತಿತ್ತು, ಸ್ವಲ್ಪ ಒಲೆಯ ಮೇಲೆ ಹೊಗೆಗೆ ತೂಗುತ್ತಿತ್ತು. ಮಾಲೀಕರ ಅಡುಗೆಮನೆಯಲ್ಲಿ ಆ ಕೊಕ್ಕೆಗಳು ಇನ್ನೂ ಇವೆ. ನಾವು ಅವುಗಳ ಕೆಳಗೇ ಕುಳಿತು ಪ್ಲಾನು ಹಾಕಿದೆವು. ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ಮೊದಲ ಊಟ

ಡಿಸೆಂಬರಿನ ಮೂರನೇ ಶನಿವಾರ ಗೊತ್ತಾಯಿತು. ತಲೆಗೆ 1,800 ರೂಪಾಯಿ. 42 ಜನ ದುಡ್ಡು ಕಟ್ಟಿದರು. ಹೊರಗಿನವರಿಂದ ದುಡ್ಡು ಪಡೆದು ಬಡಿಸುವುದಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು ಎಂಬುದೊಂದನ್ನು ಮಾತ್ರ ಸರಿಯಾಗಿ ಮಾಡಿದ್ದೆವು.

ಮೊದಲ ಜಗಳ ಜಾಗದ್ದು. ಮೇಜು ಕಣದಲ್ಲಿ ಹಾಕೋಣ ಎಂದರು ಮಾಲೀಕರು. ಡಿಸೆಂಬರಿನಲ್ಲಿ ಕಣ ಖಾಲಿ ಇರುತ್ತದೆಯೇ? ಕಾಫಿ ಕುಯ್ಲು ಶುರುವಾಗಿ ಹಣ್ಣು ಒಣಗಲು ಹರಡಿತ್ತು. 'ಮಾಂಸದ ಹೊಗೆ ಕಾಫಿಗೆ ಹಿಡಿದ್ರೆ ಯಾರಪ್ಪ ತಗೊಳ್ತಾರೆ?' ಎಂದು ಅಕ್ಕ ಕೇಳಿದರು. ಕೊನೆಗೆ ಸಂಜೆ ಇಬ್ಬನಿಗೆ ಮೊದಲು ಹೇಗೂ ರಾಶಿ ಮಾಡಿ ಟಾರ್ಪಾಲು ಹೊದಿಸುತ್ತೇವಲ್ಲ ಎಂದು ಕಣದ ಮೂರನೇ ಒಂದು ಭಾಗ ಬಿಡಿಸಿಕೊಂಡೆವು. ಒಲೆ ಗಾಳಿಯ ಕೆಳದಿಕ್ಕಿಗೆ.

ಹಂದಿಯ ತೂಕ 96 ಕಿಲೋ. ಶನಿವಾರ ಬೆಳಗಿನ ಜಾವ ಐದಕ್ಕೆ ಅಲ್ಲೇ ಕೊಯ್ದರು. ಹಿಂದಿನ ರಾತ್ರಿ ಯಾರೋ ಅಭ್ಯಾಸದಂತೆ ಅದಕ್ಕೂ ಮೇವು ಹಾಕಿದ್ದರು. ಕೊಯ್ಯುವ ಮೊದಲು ಅರ್ಧ ದಿನ ನೀರು ಮಾತ್ರ ಕೊಡಬೇಕು. ಇಲ್ಲದಿದ್ದರೆ ಕರುಳು ತುಂಬಿರುತ್ತದೆ. ತುಂಬಿದ ಕರುಳು ಒಡೆದು ಅರ್ಧ ಗಂಟೆ ಎಲ್ಲರೂ ನೀರು ಹೊಯ್ಯುವುದರಲ್ಲೇ ಇದ್ದರು. ಇನ್ನೊಂದು ಕಡೆ ಹಿಂದಿನ ದಿನವೇ ಬಂದು ಉಳಿದಿದ್ದ ಒಂದು ಕುಟುಂಬದ ಮಗು ಹಂದಿಯ ಕೂಗಿಗೆ ಎದ್ದು ಅಳಲು ಶುರು ಮಾಡಿತು. ಅವರು ತಿಂಡಿಯನ್ನೂ ಮಾಡದೆ ಹೊರಟರು. ದುಡ್ಡು ವಾಪಸ್ ಕೊಟ್ಟೆವು. ಕೊಡದೆ ಇರುವ ಮುಖ ಇರಲಿಲ್ಲ.

ಬಿಸಿ ನೀರು ಹೊಯ್ದು, ಗ್ಯಾಸ್ ಬರ್ನರ್‌ನಲ್ಲಿ ಕೂದಲು ಸುಟ್ಟು, ಕೆರೆದು, ತಲೆ ಕಾಲು ಸೇರಿ 70 ಕಿಲೋ ಸಿಕ್ಕಿತು. ಇಲ್ಲಿ ನಾನು ಮಾಡಬೇಕಿದ್ದ ಲೆಕ್ಕ ತುಂಬಾ ಸುಲಭದ್ದು. ಮೂಳೆ ಸಮೇತ ಒಬ್ಬರಿಗೆ 300 ಗ್ರಾಂ ಹಸಿ ಮಾಂಸ ಹಿಡಿದರೆ 42 ಜನಕ್ಕೆ 13 ಕಿಲೋ ಕೂಡ ಆಗುವುದಿಲ್ಲ. 70 ಕಿಲೋ ಎಂದರೆ 230 ಜನರ ಊಟ, ಒಂದು ಮದುವೆ ಮನೆ. ಆದರೆ ನಮ್ಮ ತಲೆಯಲ್ಲಿ 'ಪೂರ್ತಿ ಹಂದಿ' ಎಂಬ ಮಾತು ಕುಳಿತುಬಿಟ್ಟಿತ್ತು. ಪೂರ್ತಿ ಬೇಯಿಸದಿದ್ದರೆ ಮೋಸ ಮಾಡಿದಂತೆ ಅನ್ನಿಸಿತು. ಸಂಜೆಯ ಹೊತ್ತಿಗೆ 45 ಕಿಲೋ ಒಲೆ ಹತ್ತಿತ್ತು. ಉಳಿದ 25 ಕಿಲೋ ನೆರಳಿನಲ್ಲಿ ತೂಗಿತ್ತು, ಚಳಿ ಇದೆಯಲ್ಲ ಎಂಬ ಧೈರ್ಯದಲ್ಲಿ.

ಆ ಧೈರ್ಯದ ಬಗ್ಗೆ ಒಂದು ಮಾತು. ಹಂದಿಯ ಮೈ ಬಿಸಿ 39 ಡಿಗ್ರಿಯ ಹತ್ತಿರ. ಮಾಂಸ ಸುರಕ್ಷಿತವಾಗಿ ಇರಬೇಕಾದದ್ದು 4 ಡಿಗ್ರಿಯಲ್ಲಿ. ಆ ದಿನ ಬೆಳಿಗ್ಗೆ ಥರ್ಮಾಮೀಟರ್ 14 ತೋರಿಸುತ್ತಿತ್ತು, ಮಧ್ಯಾಹ್ನ 26. ನಮಗೆ ಸ್ವೆಟರ್ ಬೇಕೆನಿಸುವ ಚಳಿ ಮಾಂಸಕ್ಕೆ ಚಳಿಯೇ ಅಲ್ಲ. ದಪ್ಪ ತೊಡೆಯ ಒಳಗೆ ಕೈ ಇಟ್ಟರೆ ರಾತ್ರಿ ಎಂಟಕ್ಕೂ ಬೆಚ್ಚಗಿತ್ತು. ಯುರೋಪಿನ ಚಳಿಗಾಲವೇ ಒಂದು ಫ್ರಿಜ್ಜು. ನಮ್ಮ ಚಳಿಗಾಲ ಎಂದರೆ ಮಂಜು, ಕಾಫಿ ಕುಯ್ಲು ಮತ್ತು ಮಳೆ ಇಲ್ಲದ ರಸ್ತೆ, ಅಷ್ಟೇ.

ಊಟ ಏಳೂವರೆಗೆ ಶುರು. ಒಂಬತ್ತು ಸುತ್ತು ಬಡಿಸುವುದೆಂದು ನಾನು ಚೀಟಿ ಬರೆದಿದ್ದೆ. ಮೊದಲು ಕಾಲಿನ ಸೂಪು, ಮೆಣಸು ಜಾಸ್ತಿ ಹಾಕಿದ್ದು. ಅದು ಚೆನ್ನಾಗಿತ್ತು, ಚಳಿಗೆ ಎಲ್ಲರೂ ಎರಡೆರಡು ಲೋಟ ಕುಡಿದರು. ಆಮೇಲೆ ಲಿವರ್. ಆಮೇಲೆ ಕಿಡ್ನಿ. ಅದನ್ನು ಸೀಳಿ ಒಳಗಿನ ಬಿಳಿ ನಾಳ ತೆಗೆದು ನೀರಿನಲ್ಲಿ ನೆನೆಸಬೇಕಿತ್ತು, ಗಡಿಬಿಡಿಯಲ್ಲಿ ಆಗಿರಲಿಲ್ಲ. ವಾಸನೆ ಮೇಜಿನ ಉದ್ದಕ್ಕೂ ಹರಡಿತು. ಆಮೇಲೆ ಕಿವಿ, ನಾಲಿಗೆ, ಹೃದಯ. ಪಂದಿ ಕರಿ, ಅಂದರೆ ಕೊಡಗಿನ ಹಂದಿ ಸಾರು, ಮತ್ತು ಅದರ ಜೊತೆಗಿನ ಅಕ್ಕಿ ಉಂಡೆ ಕಡಂಬುಟ್ಟು ಬಂದದ್ದು ಏಳನೇ ಸುತ್ತಿಗೆ, ರಾತ್ರಿ ಹತ್ತಕ್ಕೆ. ಅಷ್ಟು ದೂರದಿಂದ ಜನ ಬಂದದ್ದೇ ಅದಕ್ಕೆ. ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿರಸ ಚೆನ್ನಾಗಿ ಹಿಡಿದ, ಹುರಿದ ಮಸಾಲೆಯಿಂದ ಕಪ್ಪಾದ ಆ ಪಂದಿ ಕರಿ ಅಕ್ಕನ ಕೈಯಿಂದ ಬಂದ ಅತ್ಯುತ್ತಮ ಅಡುಗೆ. ಜನ ಒಂದೊಂದು ತುಂಡು ತಿಂದು ಕೈ ತೊಳೆದರು. ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಕೊನೆಗೆ ಒಬ್ಬರು ಹಿರಿಯರು ನಗುತ್ತಾ ಕೇಳಿದರು. 'ಮೂತಿ ಬಂತು. ಬಾಲ ಎಲ್ಲಿ?'

ಮಾಲೀಕರು ನನ್ನ ಮುಖ ನೋಡಿದರು. ಬಾಲ ಇರಲೇ ಇಲ್ಲ. ಇಕ್ಕಟ್ಟಾದ ಗೂಡಿನಲ್ಲಿ ಹಂದಿಗಳು ಒಂದರ ಬಾಲ ಒಂದು ಕಚ್ಚುತ್ತವೆ. ಅದಕ್ಕೇ ಮರಿ ಹುಟ್ಟಿದ ಕೆಲವೇ ದಿನಕ್ಕೆ ಬಾಲ ಕತ್ತರಿಸುವ ರೂಢಿ ಬಹಳ ಕಡೆ ಇದೆ, ಇಲ್ಲೂ ಇತ್ತು. ಆಮಂತ್ರಣದ ತಲೆಬರಹದಲ್ಲೇ ಬಾಲ ಬರೆದವನಿಗೆ ಅದು ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಊಟದ ರಾತ್ರಿ ಅಲ್ಲ, ಮರುದಿನ ಬೆಳಿಗ್ಗೆ.

ನಾಲ್ಕು ದೊಡ್ಡ ಪಾತ್ರೆ ಬೆಂದ ಮಾಂಸ ಉಳಿದಿತ್ತು. ಎಲೆಗಳಿಂದ ಬಳಿದದ್ದು ಎರಡು ಬಕೆಟ್. ಕೆಲಸದವರು ಬಕೆಟ್ ಎತ್ತಿಕೊಂಡು ಗೂಡಿನ ಕಡೆ ಹೊರಟರು. ಅವರದೇನೂ ತಪ್ಪಿಲ್ಲ. ಉಳಿದದ್ದು ಹಂದಿಗೆ ಎಂಬುದು ಎಲ್ಲ ಕಡೆ ಇರುವ ಪದ್ಧತಿ. ಏನೂ ಹಾಳಾಗಬಾರದು ಎಂದು ನಾವೇ ಎರಡು ದಿನದಿಂದ ಹೇಳುತ್ತಿದ್ದೆವು ಬೇರೆ. ಅದೇ ಹೊತ್ತಿಗೆ ಪಶುವೈದ್ಯರು ಬೇರೆ ಯಾವುದೋ ಕೆಲಸಕ್ಕೆ ಫೋನ್ ಮಾಡಿದ್ದರು. ಮಾಲೀಕರು ಮಾತಿನ ನಡುವೆ ಇದನ್ನು ಹೇಳಿದರು.

'ಒಂದು ತೊಟ್ಟೂ ಹಾಕಬೇಡಿ' ಎಂದರು ಡಾಕ್ಟರು.

'ನಮ್ಮದೇ ಹಂದಿ ಡಾಕ್ಟ್ರೇ, ಚೆನ್ನಾಗಿ ಬೆಂದಿದೆ.'

'ಪಾತ್ರೆಯಲ್ಲಿರೋದು ನಿಮ್ಮದು. ಎಲೆ ಮೇಲಿದ್ದದ್ದು ಯಾರ್ಯಾರದ್ದು?'

ಆಗ ನೆನಪಾಯಿತು. ಒಂದು ಗುಂಪು ಮದ್ಯದ ಜೊತೆಗೆಂದು ಊರಿನಿಂದ ಸಲಾಮಿ ಪ್ಯಾಕೆಟ್ ತಂದಿತ್ತು. ಹೀಗೆ ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸದಲ್ಲಿ ಈ ಜ್ವರದ ವೈರಸ್ ತಿಂಗಳುಗಟ್ಟಲೆ ಬದುಕಬಲ್ಲದು. ಅದರ ಚೂರು ಎಲೆಯಲ್ಲಿ ಬಿದ್ದು ಬಕೆಟ್ಟಿಗೆ ಸೇರಿತ್ತು. ಇನ್ನೂ ಒಂದಿತ್ತು. ಸಂಜೆ ಇಪ್ಪತ್ತು ಜನ ಗೂಡಿನೊಳಗೆ ಹೋಗಿ ಮರಿಗಳ ಜೊತೆ ಫೋಟೋ ತೆಗೆಸಿಕೊಂಡಿದ್ದರು. ಅವರಲ್ಲಿ ಒಬ್ಬರು ಬೆಳಿಗ್ಗೆಯಷ್ಟೇ ಬೇರೊಂದು ಹಂದಿ ಸಾಕಣೆ ನೋಡಿಕೊಂಡು ಬಂದಿದ್ದರು, ಅದೇ ಶೂನಲ್ಲಿ. ಎರಡು ವರ್ಷ ಮುಸುರೆ ಬಿಟ್ಟು, ಸಾಲ ಮಾಡಿ ಮೇವು ತಂದು ಕಾಪಾಡಿದ ಗೂಡಿಗೆ ನಾವು ಒಂದೇ ರಾತ್ರಿ ಬಾಗಿಲು ತೆರೆದುಬಿಟ್ಟಿದ್ದೆವು.

ಬಕೆಟ್ಟಿನದ್ದನ್ನು ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂತರು. ಆಳ ಏಕೆಂದರೆ ಅಲ್ಲಿ ರಾತ್ರಿ ಕಾಡುಹಂದಿ ಬರುತ್ತವೆ, ಕೆದಕುತ್ತವೆ, ಜ್ವರ ಅವಕ್ಕೂ ಬರುತ್ತದೆ. ಪಾತ್ರೆಯಲ್ಲಿದ್ದದ್ದನ್ನು ಮತ್ತೆ ಕುದಿಸಿ ಕೆಲಸದವರು ಇರುವ ಸಾಲುಮನೆಗಳ ಲೈನಿಗೆ, ಅಕ್ಕಪಕ್ಕದ ಮನೆಗಳಿಗೆ ಹಂಚಿದೆವು. ತೂಗಿದ್ದ 25 ಕಿಲೋದಲ್ಲಿ 14 ಕಿಲೋ ಉಪ್ಪಿನಕಾಯಿಗೆ ಮತ್ತು ನೆಂಟರಿಗೆ ಹೋಯಿತು. 11 ಕಿಲೋ ವಾಸನೆ ಬಂದು ಅದೇ ಗುಂಡಿಗೆ ಸೇರಿತು. ಮೂರು ವಾರ ಮಾಲೀಕರು ದಿನಾ ಬೆಳಿಗ್ಗೆ ಎದ್ದ ಕೂಡಲೇ ಹಂದಿಗಳ ಕಿವಿ ನೋಡುತ್ತಿದ್ದರು, ಕೆಂಪಾಗಿದೆಯಾ ಎಂದು. ಏನೂ ಆಗಲಿಲ್ಲ. ಅದೃಷ್ಟ, ಬೇರೇನಲ್ಲ.

ಅಕ್ಕ ಆ ದಿನ ಒಂದೇ ಮಾತು ಹೇಳಿದ್ದು. 'ಒಂದು ಹಂದೀನ ಒಂದು ರಾತ್ರಿ ತಿಂದು ಮುಗಿಸ್ತೀವಿ ಅಂತ ಯಾರು ಹೇಳಿದ್ದು ನಿಮಗೆ?'

ಪಾಲು

ಮುಂದಿನ ವರ್ಷ ಊಟ ಬೇಡವೇ ಬೇಡ ಎಂದು ಮಾಲೀಕರು ಅಂದರು. ಮುಂದಕ್ಕೆ ತಳ್ಳಿದ್ದು ಅಕ್ಕನೇ, ಆದರೆ ತಮ್ಮ ಷರತ್ತಿನ ಮೇಲೆ. ಮೊದಲು ಪಾಲು, ಆಮೇಲೆ ಊಟ. ಹಂದಿ ಕೊಯ್ಯುವ ಮೊದಲೇ ಅದರ ಪ್ರತಿ ಭಾಗ ಯಾರ ಮನೆಗೆ ಎಂದು ಬರೆದಿರಬೇಕು. ಒಂದು ನೋಟ್‌ಬುಕ್ ತೆಗೆದು ಅವರೇ ಗೆರೆ ಹಾಕಿದರು.

ಎಂಟು ಮನೆಗಳು ತಲಾ 5 ಕಿಲೋ ಮೊದಲೇ ಹೇಳಿ ದುಡ್ಡು ಕೊಟ್ಟವು. ಅದು 40. ಲೈನಿನ ಕೆಲಸದವರಿಗೆ 6. ಉಪ್ಪಿನಕಾಯಿಗೆ ಮತ್ತು ಹೊಗೆ ಕೊಕ್ಕೆಗೆ 10. ಅತಿಥಿಗಳ ಊಟಕ್ಕೆ ತಲೆ, ಕಾಲು ಸೇರಿ 12 ಕಿಲೋ, ಜೊತೆಗೆ ಒಳಗಿನ ಅಂಗಗಳು. ಆ ವರ್ಷದ ಹಂದಿ ಕೊಯ್ದ ಮೇಲೆ 68 ಕಿಲೋ ಬಿತ್ತು, ಲೆಕ್ಕ ಸರಿಹೋಯಿತು. ಅತಿಥಿಗಳು 24 ಜನ ಮಾತ್ರ, ತಲೆಗೆ 2,200.

ಕೊಯ್ಯುವ ಕೆಲಸವನ್ನು ಗೂಡಿನಿಂದ ಬೇರೆ ಕಡೆಗೆ ಸಾಗಿಸಿದೆವು. ಗುರುವಾರ ಡಾಕ್ಟರು ನೋಡಿದ ಮೇಲೆ ಪೇಟೆಯ ಪರವಾನಗಿ ಇರುವ ಅಂಗಡಿಯವರಲ್ಲಿ ಶುಕ್ರವಾರ ನಸುಕಿಗೆ ಕೆಲಸ ಮುಗಿಯಿತು. ಬೇರೆ ಹಂದಿಗಳಿಗೆ ಕೂಗು ಕೇಳಲಿಲ್ಲ, ಮಕ್ಕಳಿಗೂ. ಮುಚ್ಚಿಹೋದ ಬೇಕರಿಯೊಂದರಿಂದ ಕೂಲ್‌ಡ್ರಿಂಕ್ಸ್ ಇಡುವ ಗಾಜಿನ ಬಾಗಿಲಿನ ಫ್ರಿಜ್ ಸೆಕೆಂಡ್ ಹ್ಯಾಂಡಿಗೆ ಸಿಕ್ಕಿತ್ತು. ತುಂಡು ಮಾಡಿದ ಮಾಂಸ ಬಂದ ಕೂಡಲೇ ಅದರಲ್ಲಿ 4 ಡಿಗ್ರಿಗೆ ಕೂತಿತು.

ಕರುಳಿನ ಸಮಸ್ಯೆ ಬಗೆಹರಿದದ್ದು ನಾವು ಯೋಚಿಸದ ಕಡೆಯಿಂದ. ಲೈನಿನಲ್ಲಿ ಅಸ್ಸಾಂ ಕಡೆಯಿಂದ ಬಂದ ಎರಡು ಕುಟುಂಬ ಇದ್ದವು. ಕರುಳನ್ನು ಕಡ್ಡಿಯಲ್ಲಿ ಒಳಹೊರಗು ಮಾಡಿ, ಉಪ್ಪು, ಅಕ್ಕಿ ಹಿಟ್ಟು, ಅರಿಶಿನ ಹಾಕಿ ಉಜ್ಜಿ, ಆರೇಳು ನೀರಿನಲ್ಲಿ ತೊಳೆಯುವುದನ್ನು ಅವರು ತೋರಿಸಿದರು. ಮಸಾಲೆ ಬಂದದ್ದು ಮಂಗಳೂರಿನಿಂದ ಮದುವೆಯಾಗಿ ಈ ಊರಿಗೆ ಬಂದ ಒಬ್ಬ ಕೊಂಕಣಿ ಕ್ರಿಶ್ಚಿಯನ್ ಹೆಂಗಸಿನಿಂದ. ಅವರ ಮನೆಯಲ್ಲಿ ಹೃದಯ, ಲಿವರ್, ಕರುಳು ಸೇರಿಸಿ ಮಾಡುವ ಕಾಳೀಜ್ ಅಂಕಿಟಿ ಹಬ್ಬದ ಅಡುಗೆ. ಬಫಾತ್ ಎಂಬ ಮಂಗಳೂರು ಮಸಾಲೆ ಪುಡಿ, ವಿನೆಗರ್ ಹಾಕಿ ಶುಕ್ರವಾರವೇ ಮಾಡಿಟ್ಟರು, ಒಂದು ದಿನ ಕಳೆದರೆ ರುಚಿ ಜಾಸ್ತಿ ಎಂದು. ಅಕ್ಕನ ಅಡುಗೆಮನೆಗೆ ಪಂದಿ ಕರಿ ಗೊತ್ತು. ತೊಗಲು, ನೆಣ, ಮಾಂಸ ಮೂರೂ ಇರುವ ತುಂಡೇ ಬೇಕು ಅನ್ನುವ ಅಡುಗೆ ಅದು. ಆದರೆ ಒಳಗಿನ ಅಂಗಗಳ ವಿದ್ಯೆ ಬೇರೆ ಮನೆಗಳಲ್ಲಿತ್ತು. ರಕ್ತವನ್ನು ಮಾತ್ರ ಬಿಟ್ಟೆವು. ಈ ಮನೆಯಲ್ಲಿ ಅದನ್ನು ಬಳಸುವ ರೂಢಿ ಇಲ್ಲ. ಅತಿಥಿಗಳ ಖುಷಿಗೆ ರೂಢಿ ಮುರಿಯುವುದು ಬೇಡ ಎಂದರು ಅಕ್ಕ. ನಾನು ಒಂದು ಸಲ ವಾದ ಮಾಡಿ ಸುಮ್ಮನಾದೆ.

ಊಟದ ಕ್ರಮ ತಲೆಕೆಳಗಾಯಿತು. ಸೂಪಿನ ನಂತರ ನೇರ ಪಂದಿ ಕರಿ, ಕಡಂಬುಟ್ಟು, ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ). ಉಳಿದವು ಮೇಜಿನ ನಡುವೆ ಸಣ್ಣ ಬಟ್ಟಲುಗಳಲ್ಲಿ, ಬೇಕಾದವರು ಕೈ ಚಾಚಿ ಹಾಕಿಕೊಳ್ಳಲಿ ಎಂದು. ಬಡಿಸಿದಾಗ ಮುಖ ಹಿಂಡುವವರು, ಪಕ್ಕದವರು ತಿನ್ನುವುದನ್ನು ನೋಡಿ ತಾವೇ ಕೇಳಿ ಹಾಕಿಸಿಕೊಂಡರು. ಒಂಬತ್ತಕ್ಕೆ ಅಂಕಿಟಿ ಬಟ್ಟಲು ಖಾಲಿ. ತಲೆ ಮಾಂಸವನ್ನು ನಾಲ್ಕು ಗಂಟೆ ಬೇಯಿಸಿ ಮೂಳೆ ಬಿಡಿಸಿ ಮೆಣಸಿನಲ್ಲಿ ಹುರಿದದ್ದಕ್ಕೆ ಇಬ್ಬರು ಜಗಳ ಆಡಿದರು, ನಗುತ್ತಲೇ.

ಗೂಡಿನೊಳಗೆ ಯಾರಿಗೂ ಪ್ರವೇಶ ಇರಲಿಲ್ಲ. ಬೇಲಿಯ ಆಚೆಯಿಂದ ನೋಡಬಹುದು, ಅದೂ ಸುಣ್ಣದ ಪುಡಿ ತುಳಿದು ಬಂದು. ಹೊರಗಿನ ಮಾಂಸ ತರಬಾರದು ಎಂದು ಆಮಂತ್ರಣದಲ್ಲೇ ಬರೆದಿದ್ದೆ. ಮೂರು ಜನ ಬೇಜಾರು ಮಾಡಿಕೊಂಡರು. ಫಾರ್ಮ್ ನೋಡೋಕೇ ಬಂದಿದ್ದೆವು, ಮರಿ ಮುಟ್ಟೋಕೆ ಬಿಡಲಿಲ್ಲ ಎಂದು. ಅವರ ಬೇಜಾರೂ ಅರ್ಥವಾಗುತ್ತದೆ. ಅದಕ್ಕೆ ನನ್ನ ಹತ್ತಿರ ಇನ್ನೂ ಸರಿಯಾದ ಉಪಾಯ ಇಲ್ಲ.

ಎಲೆಯಲ್ಲಿ ಉಳಿದದ್ದು ಅರ್ಧ ಬಕೆಟ್. ಗುಂಡಿ ಶುಕ್ರವಾರವೇ ತೋಡಿಟ್ಟಿತ್ತು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಮೊದಲ ವರ್ಷ ಕೈಗೆ ಜಾಸ್ತಿ ಬಂದು, ಖರ್ಚು, ವಾಪಸಾತಿ, ಹಾಳಾದದ್ದು ಎಲ್ಲ ಕಳೆದ ಮೇಲೆ ಹಂದಿಯನ್ನು ಹಾಗೇ ಮಾರಿದ್ದರೂ ಇಷ್ಟೇ ಸಿಗುತ್ತಿತ್ತು ಅನ್ನುವಷ್ಟು ಉಳಿಯಿತು. ಎರಡನೇ ವರ್ಷ ಊಟದಿಂದ ಬಂದದ್ದು ಕಡಿಮೆ, ಆದರೆ ಪಾಲಿನ ದುಡ್ಡು ಮೊದಲೇ ಕೈಯಲ್ಲಿತ್ತು. ಫ್ರಿಜ್ಜಿನ ಖರ್ಚು ಕಳೆದೂ ಲಾಭ ನಿಂತಿತು. ಅದಕ್ಕಿಂತ ಮುಖ್ಯವಾಗಿ ಆ ಎಂಟು ಮನೆಗಳಲ್ಲಿ ಐದು ಮನೆಯವರು ಬೇಸಿಗೆಗೂ ಒಂದು ಹಂದಿ ಪಾಲಿಗೆ ಹಾಕಿ ಎಂದು ಕೇಳಿದರು. ಊಟ ಇಲ್ಲದೆಯೇ.

ಮೂರನೇ ಚಳಿಗಾಲದ ತಯಾರಿ ಫೆಬ್ರವರಿಯಲ್ಲೇ ಶುರುವಾಗಿದೆ. ಹಂದಿ ಗಬ್ಬ ಹೊರುವುದು 114 ದಿನ, ಮರಿ 95 ಕಿಲೋ ಆಗಲು ಆರೂವರೆ ತಿಂಗಳು. ಡಿಸೆಂಬರಿನ ಎಲೆಗೆ ಜೂನಿನಲ್ಲಿ ಮರಿ ಹುಟ್ಟಬೇಕು. ಪಾಲಿನ ನೋಟ್‌ಬುಕ್ಕಿನಲ್ಲಿ ಈ ಸಲ ಮೊದಲ ಹೆಸರು ಬರೆಸಿದವರು ಮೇಲಿನ ಮನೆಯ ಅಜ್ಜ. ಅವರಿಗೆ 5 ಕಿಲೋ ಬೇಡವಂತೆ, ಬಾಲ ಬೇಕಂತೆ. ಚಿಕ್ಕವರಿದ್ದಾಗ ಕೆಂಡದಲ್ಲಿ ಸುಟ್ಟು ಕೊಡುತ್ತಿದ್ದರಂತೆ. ಅಕ್ಕ ನಗದೆ ಬರೆದುಕೊಂಡರು. ಜೂನಿನಲ್ಲಿ ಹುಟ್ಟಿದ ಒಂದು ಸೂಲಿನ ಹತ್ತು ಮರಿಗಳ ಬಾಲವನ್ನು ಮಾಲೀಕರು ಕತ್ತರಿಸಿಲ್ಲ. ಕಚ್ಚಾಡದಿರಲಿ ಎಂದು ಅವಕ್ಕೆ ಎರಡು ಗೂಡು ಸೇರಿಸಿ ಜಾಗ ದೊಡ್ಡದು ಮಾಡಿ ಒಣಹುಲ್ಲು ಹಾಸಿದ್ದಾರೆ. ಹೋದ ವಾರ ಫೋನ್ ಮಾಡಿದಾಗ ಒಂಬತ್ತು ಬಾಲ ನೆಟ್ಟಗಿವೆ ಎಂದರು. ಒಂದನ್ನು ಪಕ್ಕದ್ದು ಕಚ್ಚಿದೆಯಂತೆ.